ಕತ್ತಿ ತೊಳೆಯುವ ಕೆಲಸ

ಗಡಿಯಿಂದ ಮರಳಿದ ಯೋಧನಿಗೆ ಊರು ಹಾರ ಹಾಕುತ್ತದೆ, ಜೈಕಾರ ಕೂಗುತ್ತದೆ. ಹಾರ ಬಾಡಿದ ಮೇಲೆ ಅವನಿಗೂ ಅವನ ಮನೆಗೂ ಏನಾಗುತ್ತದೆ?

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಈಗೀಗ ಒಂದು ಹೊಸ ಹಬ್ಬ ಸೇರಿಕೊಂಡಿದೆ. ಸೈನ್ಯದಿಂದ ನಿವೃತ್ತನಾದವನು ಊರಿಗೆ ಬರುವ ದಿನ ಅವನನ್ನು ತೆರೆದ ಜೀಪಿನಲ್ಲಿ ನಿಲ್ಲಿಸುತ್ತಾರೆ. ಕೊರಳು ಕಾಣದಷ್ಟು ಹಾರ, ಹಲಗೆಯ ಸದ್ದು, ಹುಡುಗರ ಕೈಯಲ್ಲಿ ತ್ರಿವರ್ಣ ಧ್ವಜ. ಅಗಸಿಯಲ್ಲಿ ಹೆಣ್ಣುಮಕ್ಕಳು ಆರತಿ ಹಿಡಿದು ನಿಂತಿರುತ್ತಾರೆ. ಶಾಲೆಯ ಮಕ್ಕಳು ಸೆಲ್ಯೂಟ್ ಹೊಡೆಯುತ್ತಾರೆ. ಹದಿನೇಳು ವರ್ಷ ಹಿಮ, ಮರಳು, ಕಾಡು ಕಾದು ಬಂದವನ ಕಣ್ಣು ಅಂದು ತುಂಬಿ ಬರುತ್ತದೆ. ಒಳ್ಳೆಯ ಪದ್ಧತಿ ಇದು. ಇನ್ನೂ ನಾಲ್ಕು ಊರಿಗೆ ಹಬ್ಬಲಿ.

ಆದರೆ ಮಾತಾಡಬೇಕಾದದ್ದು ಅದರ ಮಾರನೆಯ ದಿನದ ಬಗ್ಗೆ.

ಹುಮನಾಬಾದ್ ತಾಲ್ಲೂಕಿನ ದುಬಲಗುಂಡಿಯಂಥ ಊರಿನ ಒಂದು ಮನೆಯನ್ನು ಕಣ್ಣಮುಂದೆ ತಂದುಕೊಳ್ಳೋಣ. ಯಾರೊಬ್ಬರ ಕತೆಯೂ ಇದಲ್ಲ, ಇಂಥ ಹಲವು ಮನೆಗಳ ಚಹರೆ. ಮನೆಯವನು ನಸುಕಿನ ನಾಲ್ಕಕ್ಕೇ ಎದ್ದು ಕೂತಿರುತ್ತಾನೆ. ಹಾಸಿಗೆ ಮಡಚಿದ ರೀತಿಯಲ್ಲಿ ಒಂದು ಸುಕ್ಕೂ ಇಲ್ಲ. ಹೋಟೆಲಿಗೆ ಹೋದರೆ ಬೆನ್ನಿಗೆ ಗೋಡೆ, ಕಣ್ಣಿಗೆ ಬಾಗಿಲು ಇರುವ ಜಾಗವನ್ನೇ ಹುಡುಕುತ್ತಾನೆ. ಸಂತೆಯಲ್ಲಿ ಯಾರೂ ಇಲ್ಲದೆ ನಿಂತ ಸ್ಕೂಟರ್ ಕಂಡರೆ ಕಾಲು ತಾನಾಗಿ ಆಚೆ ಬದಿಗೆ ಹೊರಳುತ್ತದೆ. ರಾತ್ರಿ ತೊಗರಿ ಹೊಲದಲ್ಲಿ ಕಾಡುಹಂದಿ ಓಡಿಸಲು ಯಾರೋ ಪಟಾಕಿ ಸಿಡಿಸಿದರೆ, ಕಣ್ಣು ಬಿಡುವ ಮೊದಲೇ ಅವನು ಕಟ್ಟೆಯ ಕೆಳಗೆ ಇಳಿದಿರುತ್ತಾನೆ. ಮಗ ಹತ್ತು ನಿಮಿಷ ತಡವಾಗಿ ಬಂದದ್ದಕ್ಕೆ ಕೈ ಎತ್ತುತ್ತಾನೆ. ಆಮೇಲೆ ಅದೇ ಕೈಯನ್ನು ನೋಡುತ್ತ ಒಬ್ಬನೇ ಕೂರುತ್ತಾನೆ. ಹೆಂಡತಿ ನೆರೆಮನೆಯವಳ ಮುಂದೆ ಮೆಲ್ಲಗೆ ಹೇಳುತ್ತಾಳೆ: ‘ಅಂವ ಬಂದಾನ್ರಿ, ಆದ್ರ ಪೂರಾ ಬಂದಿಲ್ಲ.’

ಆ ಒಂದು ಮಾತಿನಲ್ಲಿ ಇಡೀ ಸಮಸ್ಯೆ ಇದೆ. ಮೈ ಬಸ್ಸಿಳಿದು ಬಂದಿದೆ, ಮನಸ್ಸಿನ ಒಂದು ಭಾಗ ಇನ್ನೂ ಕಾವಲಿನಲ್ಲಿ ನಿಂತಿದೆ.

ಕಾವಲು ಬಿಡದ ಮೆದುಳು

ಇದಕ್ಕೆ ನಮ್ಮ ಕಡೆ ಹಲವು ಹೆಸರುಗಳಿವೆ. ಗಾಳಿ ಬಡಿದಿದೆ ಎನ್ನುತ್ತಾರೆ, ಯಾರದೋ ದೃಷ್ಟಿ ತಾಗಿದೆ ಎನ್ನುತ್ತಾರೆ, ‘ಮಿಲಿಟ್ರಿ ತಲಿ’ ಎಂದು ನಕ್ಕು ಸುಮ್ಮನಾಗುವವರೂ ಇದ್ದಾರೆ. ವೈದ್ಯಶಾಸ್ತ್ರವೂ ಇದಕ್ಕೆ ಸರಿಯಾದ ಹೆಸರು ಹುಡುಕಲು ನೂರು ವರ್ಷಕ್ಕೂ ಹೆಚ್ಚು ಕಾಲ ತಡಕಾಡಿತು. ಅಮೆರಿಕದ ಅಂತರ್ಯುದ್ಧದ ಸೈನಿಕರಲ್ಲಿ ಎದೆಬಡಿತ, ಏದುಸಿರು, ದಣಿವು ಕಂಡ ವೈದ್ಯ ಡಾಕೋಸ್ಟಾ 1871ರಲ್ಲಿ ಅದನ್ನು ಹೃದಯದ ತೊಂದರೆಯೆಂದು ವಿವರಿಸಿದ. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನ ಚಾರ್ಲ್ಸ್ ಮೈಯರ್ಸ್ 1915ರಲ್ಲಿ ‘ಶೆಲ್ ಶಾಕ್’ ಎಂಬ ಹೆಸರನ್ನು ವೈದ್ಯಪತ್ರಿಕೆಗೆ ತಂದ. ತೋಪಿನ ಗುಂಡು ಹತ್ತಿರ ಸಿಡಿದು ನರಗಳು ಅದುರಿವೆ ಎಂಬುದು ಆಗಿನ ಊಹೆ. ಆದರೆ ಗುಂಡಿನ ಸದ್ದು ಹತ್ತಿರದಿಂದ ಕೇಳದವರೂ ಹಾಗೆಯೇ ನಡುಗುತ್ತಿದ್ದರು. ವಿಯೆಟ್ನಾಂ ಯುದ್ಧದಿಂದ ಮರಳಿದವರ ಪಾಡು ಕಂಡ ಮೇಲೆ, 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ಕೈಪಿಡಿಯಲ್ಲಿ ‘ಪಿಟಿಎಸ್‌ಡಿ’ ಎಂಬ ಹೆಸರನ್ನು ಸೇರಿಸಿತು. ಕನ್ನಡದಲ್ಲಿ ಅದನ್ನು ಆಘಾತೋತ್ತರ ಒತ್ತಡದ ಕಾಯಿಲೆ ಎನ್ನುತ್ತೇವೆ.

ಒಳಗೆ ನಡೆಯುವುದು ಇಷ್ಟು. ಮೆದುಳಿನ ಆಳದಲ್ಲಿ ಅಮಿಗ್ಡಲಾ ಎಂಬ, ಬಾದಾಮಿ ಆಕಾರದ ಪುಟ್ಟ ಭಾಗವಿದೆ. ಅಪಾಯ ಕಂಡರೆ ಗಂಟೆ ಬಾರಿಸುವುದು ಅದರ ಕೆಲಸ. ಹಣೆಯ ಹಿಂದಿನ ಭಾಗ ‘ಇದು ಪಟಾಕಿ, ಬಾಂಬಲ್ಲ’ ಎಂದು ತೂಗಿ ನೋಡಿ ಗಂಟೆಯನ್ನು ನಿಲ್ಲಿಸುತ್ತದೆ. ಕಾಳಗದ ನೆಲದಲ್ಲಿ ತೂಗಿ ನೋಡಲು ಪುರಸೊತ್ತಿಲ್ಲ. ಮೊದಲು ನೆಲಕ್ಕೆ ಬೀಳಬೇಕು, ಯೋಚನೆ ಆಮೇಲೆ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಹಾಗೆ ಬದುಕಿದವನಲ್ಲಿ ಗಂಟೆ ಬಾರಿಸುವ ಭಾಗ ಬಲಿಯುತ್ತದೆ, ನಿಲ್ಲಿಸುವ ಭಾಗದ ಹಿಡಿತ ಸಡಿಲುತ್ತದೆ. ನೆನಪಿಗೆ ತಾರೀಖು ಹಚ್ಚುವ ಹಿಪೊಕ್ಯಾಂಪಸ್ ಎಂಬ ಭಾಗವೂ ಎಡವುತ್ತದೆ. ಅದಕ್ಕೇ ಹಳೆಯ ಘಟನೆ ಹಳೆಯದಾಗಿ ನೆನಪಾಗುವುದಿಲ್ಲ, ಈಗ ನಡೆಯುತ್ತಿದೆ ಎಂಬಂತೆ ಎರಗುತ್ತದೆ.

ಲಕ್ಷಣಗಳನ್ನು ವೈದ್ಯರು ನಾಲ್ಕು ಗುಂಪು ಮಾಡುತ್ತಾರೆ. ಬೇಡವೆಂದರೂ ನುಗ್ಗುವ ನೆನಪು ಮತ್ತು ಕೆಟ್ಟ ಕನಸು ಒಂದು. ನೆನಪು ತರುವ ಜಾಗ, ಮಾತು, ಮನುಷ್ಯರಿಂದ ತಪ್ಪಿಸಿಕೊಳ್ಳುವುದು ಎರಡನೆಯದು. ಮನಸ್ಸು ಮರಗಟ್ಟಿ ಹೆಂಡತಿ ಮಕ್ಕಳ ಮೇಲೂ ಪ್ರೀತಿ ಹುಟ್ಟದಿರುವುದು, ಎಲ್ಲಕ್ಕೂ ತಾನೇ ಕಾರಣವೆಂದು ಕೊರಗುವುದು ಮೂರನೆಯದು. ನಿದ್ದೆಗೇಡು, ಬೆಚ್ಚುವುದು, ಸಿಡುಕು ನಾಲ್ಕನೆಯದು. ಭಯಾನಕವಾದದ್ದನ್ನು ಕಂಡ ಯಾರಿಗೂ ಕೆಲವು ದಿನ ಹೀಗಾಗುತ್ತದೆ. ಒಂದು ತಿಂಗಳು ದಾಟಿಯೂ ಬಿಡದೆ ಮನೆ, ಕೆಲಸ ಕೆಡಿಸತೊಡಗಿದರೆ ಅದು ಚಿಕಿತ್ಸೆ ಬೇಡುವ ಕಾಯಿಲೆ.

ಯುದ್ಧದಿಂದ ಮರಳಿದವರೆಲ್ಲರಿಗೂ ಹೀಗೆ ಆಗುವುದಿಲ್ಲ. ಬಹುಪಾಲು ಜನ ಕೆಲ ತಿಂಗಳ ತಡವರಿಕೆಯ ಬಳಿಕ ಊರಿಗೆ ಹೊಂದಿಕೊಳ್ಳುತ್ತಾರೆ. ಹಲವರು ಊರಿಗೇ ಆಸರೆಯಾಗುತ್ತಾರೆ. ಮಾಜಿ ಸೈನಿಕ ಎಂದರೆ ಸಿಡಿಮದ್ದು ಎಂದು ದೂರ ಸರಿಯುವುದು, ಅವನಿಗೇನೂ ಆಗುವುದೇ ಇಲ್ಲವೆಂದು ಕಣ್ಣು ಮುಚ್ಚಿಕೊಳ್ಳುವಷ್ಟೇ ಅನ್ಯಾಯ.

ಮುಗಿಯದ ಯುದ್ಧಗಳು

ನಮ್ಮ ಊರುಗಳಿಂದ ಹೋದವರು ಕಂಡ ಯುದ್ಧ ಒಂದೇ ಬಗೆಯದಲ್ಲ. 1962, 1965, 1971ರಲ್ಲಿ ಕಾದಿದ ಹಿರಿಯರಲ್ಲಿ ಕೆಲವರು ಇನ್ನೂ ಇದ್ದಾರೆ. 1987ರಿಂದ 1990ರವರೆಗೆ ಶ್ರೀಲಂಕಾಕ್ಕೆ ಹೋದ ಶಾಂತಿಪಾಲನಾ ಪಡೆಯವರಿದ್ದಾರೆ. ಅವರು ಶಾಂತಿ ಕಾಯಲು ಹೋಗಿ ಕಾಳಗದಲ್ಲಿ ಸಿಕ್ಕಿಕೊಂಡರು. ಮರಳಿದಾಗ ಅವರನ್ನು ಎದುರುಗೊಳ್ಳಲು ದೇಶಕ್ಕೆ ಅಂಥ ಉತ್ಸಾಹವಿರಲಿಲ್ಲ. 1999ರ ಕಾರ್ಗಿಲ್‌ನಲ್ಲಿ 527 ಯೋಧರು ಪ್ರಾಣ ಕೊಟ್ಟರು, ಸಾವಿರದ ಮುನ್ನೂರಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಅದನ್ನು ಟಿ.ವಿ.ಯಲ್ಲಿ ಕಂಡ ದೇಶ ಅವರನ್ನು ಎದೆಗಪ್ಪಿಕೊಂಡಿತು.

ಇವೆಲ್ಲಕ್ಕಿಂತ ಉದ್ದದ್ದು ಹೆಸರಿಲ್ಲದ ಕಾವಲು. ಕಾಶ್ಮೀರದಲ್ಲಿ 1990ರಿಂದ ಈಚೆಗೆ ನಡೆದದ್ದಕ್ಕೆ ಶುರುವಾದ ದಿನವೂ ಮುಗಿದ ದಿನವೂ ಇಲ್ಲ. ಅಲ್ಲಿ ಎದುರಾಳಿಗೆ ಸಮವಸ್ತ್ರವಿಲ್ಲ. ದಾರಿಯಲ್ಲಿ ಬಿದ್ದ ಟಿಫಿನ್ ಡಬ್ಬಿ, ನಿಂತ ಗಾಡಿ, ಕಿಟಕಿಯಲ್ಲಿ ಅಲುಗಿದ ಪರದೆ ಎಲ್ಲವೂ ಪ್ರಶ್ನೆಯೇ. ಅಲ್ಲಿ ಜೀವ ಉಳಿಸಿದ ಅನುಮಾನವೇ ಇಲ್ಲಿ ಹುಮನಾಬಾದಿನ ಸಂತೆಯಲ್ಲಿ ರೋಗದ ಹಾಗೆ ಕಾಣುತ್ತದೆ. ಹಾಗಾಗಿ ಅವನಿಗೆ ಏನೋ ಕೆಟ್ಟಿದೆ ಎನ್ನುವುದಕ್ಕಿಂತ, ಕಲಿತ ಪಾಠವೊಂದು ಜಾಗ ಬದಲಾದರೂ ಬಿಟ್ಟಿಲ್ಲ ಎನ್ನುವುದು ಸರಿ.

1984ರ ಏಪ್ರಿಲ್‌ನಿಂದ ನಮ್ಮ ಸೈನ್ಯ ಸಿಯಾಚಿನ್ ಕಾಯುತ್ತಿದೆ. ಅಲ್ಲಿ ಗುಂಡಿಗಿಂತ ಹಿಮ, ಚಳಿ, ತೆಳು ಗಾಳಿಯೇ ಹೆಚ್ಚು ಜನರನ್ನು ಕೊಂದಿವೆ. 2016ರ ಫೆಬ್ರುವರಿ 3ರಂದು 19,600 ಅಡಿ ಎತ್ತರದ ಸೋನಂ ಠಾಣೆಯ ಮೇಲೆ ಹಿಮಗೋಡೆ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಯೋಧರು ಹೂತುಹೋದರು. ಆರು ದಿನಗಳ ಮೇಲೆ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಜೀವಂತ ಸಿಕ್ಕಾಗ ಇಡೀ ಕರ್ನಾಟಕ ಹರಕೆ ಹೊತ್ತಿತು. ಫೆಬ್ರುವರಿ 11ರಂದು ಅವರು ತೀರಿಕೊಂಡಾಗ ಅಡುಗೆಮನೆಗಳಲ್ಲಿ ಹೆಂಗಸರು ಅತ್ತರು. ಅಷ್ಟು ದಿನ ಗೆಳೆಯರಿಗಾಗಿ ಕಲ್ಲಿನಂಥ ಹಿಮವನ್ನು ಕೊರೆದು ಕೊರೆದು ತೆಗೆದ ಕೈಗಳೂ ಇದ್ದವು. ಆ ಕೈಗಳವರೂ ಒಂದು ದಿನ ನಿವೃತ್ತರಾಗಿ ತಮ್ಮ ತಮ್ಮ ಊರಿಗೆ ಮರಳುವವರೇ. ಅವರ ನಿದ್ದೆ ಹೇಗಿದೆ ಎಂದು ಕೇಳುವುದು ಯಾರ ಕೆಲಸ?

ಸತ್ತವನಿಗೆ ಕಲ್ಲು, ಉಳಿದವನಿಗೆ?

ಕನ್ನಡ ನಾಡಿಗೆ ಸತ್ತ ವೀರನನ್ನು ಗೌರವಿಸುವುದು ಚೆನ್ನಾಗಿ ಗೊತ್ತು. ಯಾವ ಹಳೆಯ ಊರಿನ ಹೊರವಲಯಕ್ಕೆ ಹೋದರೂ ಒಂದು ವೀರಗಲ್ಲು ಸಿಗುತ್ತದೆ. ಕೆಳಗಿನ ಅಂಕಣದಲ್ಲಿ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವನ ಸನ್ನಿಧಿ. ಮಡಿದವನ ಕತೆಗೆ ಕಲ್ಲಿನಲ್ಲೇ ಮಂಗಳ ಹಾಡಿದ್ದಾರೆ. ಕೆಳಗಿನ ಅಂಕಣದ ಕಾಳಗದಲ್ಲಿ ಸಾಯದೆ ಉಳಿದವರೂ ಇದ್ದರಲ್ಲ. ಅವರು ಮೇಲಿನ ಯಾವ ಅಂಕಣದಲ್ಲೂ ಇಲ್ಲ.

ಕಾವ್ಯದಲ್ಲೂ ಇಂಥದೇ ಒಂದು ಸಂಗತಿ ಇದೆ. ವ್ಯಾಸಭಾರತದಲ್ಲಿ ಎಲ್ಲಕ್ಕಿಂತ ದೊಡ್ಡ ಪರ್ವ ಯುದ್ಧದ್ದಲ್ಲ, ಯುದ್ಧ ಮುಗಿದ ಮೇಲಿನ ಶಾಂತಿಪರ್ವ. ಗೆದ್ದ ಧರ್ಮರಾಯನಿಗೆ ಗೆಲುವು ಬೇಡವಾಗಿರುತ್ತದೆ, ಕಾಡಿಗೆ ಹೋಗುತ್ತೇನೆ ಎನ್ನುತ್ತಾನೆ. ತಮ್ಮಂದಿರು, ಹೆಂಡತಿ, ಋಷಿಗಳು, ಶರಶಯ್ಯೆಯ ಮೇಲಿನ ಅಜ್ಜ ಎಲ್ಲರೂ ಸೇರಿ ಅವನನ್ನು ಮಾತಿನಿಂದ ಬದುಕಿಗೆ ಎಳೆದು ತರಬೇಕಾಗುತ್ತದೆ. ನಮ್ಮ ಕುಮಾರವ್ಯಾಸ ಗದಾಪರ್ವದವರೆಗೆ ಹತ್ತು ಪರ್ವ ಹಾಡಿ ನಿಲ್ಲಿಸಿದ. ಉಳಿದದ್ದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಪೂರೈಸಿದ. ಇಂದಿಗೂ ಊರೂರಿನಲ್ಲಿ ಓದುವುದು, ಗಮಕದಲ್ಲಿ ಹಾಡುವುದು ಕುಮಾರವ್ಯಾಸನ ಹತ್ತು ಪರ್ವಗಳನ್ನೇ. ಯುದ್ಧದ ನಂತರದ ಭಾಗಕ್ಕೆ ಕೇಳುಗರು ಕಡಿಮೆ.

ಆದರೆ ಕಲ್ಯಾಣದ ನೆಲಕ್ಕೆ ನಂಟಿರುವ ಇನ್ನೊಬ್ಬ ಕವಿ ಇದ್ದಾನೆ. ಚಾಲುಕ್ಯರ ಆಸ್ಥಾನದ ರನ್ನ. ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ಅವನು ಬರೆದ ‘ಸಾಹಸಭೀಮ ವಿಜಯ’ವನ್ನು ನಾವು ‘ಗದಾಯುದ್ಧ’ ಎಂದು ಕರೆಯುತ್ತೇವೆ. ಅದರಲ್ಲಿ ದುರ್ಯೋಧನ ಸಂಜಯನೊಂದಿಗೆ ರಣಭೂಮಿಯಲ್ಲಿ ನಡೆಯುತ್ತಾನೆ. ಹೆಣಗಳ ನಡುವೆ ಗುರು ದ್ರೋಣ, ಮಗ ಲಕ್ಷಣಕುಮಾರ, ತಮ್ಮ ದುಶ್ಶಾಸನ, ಗೆಳೆಯ ಕರ್ಣ ಒಬ್ಬೊಬ್ಬರಾಗಿ ಸಿಗುತ್ತಾರೆ. ಪ್ರತಿ ಹೆಣದ ಮುಂದೆ ನಿಂತು ಅವನು ತನ್ನನ್ನೇ ವಿಚಾರಿಸಿಕೊಳ್ಳುತ್ತಾನೆ. ಇವರೆಲ್ಲ ಸತ್ತರು, ನಾನೇಕೆ ಉಳಿದೆ? ಸಾವಿರ ವರ್ಷದ ಹಿಂದೆ ರನ್ನ ಕಂಡ ಈ ಸಂಕಟವನ್ನು ಇಂದಿನ ಮನೋವೈದ್ಯರು ‘ಉಳಿದವನ ಅಪರಾಧಪ್ರಜ್ಞೆ’ ಎನ್ನುತ್ತಾರೆ. ಪಕ್ಕದಲ್ಲಿ ಮಲಗಿದ್ದ ಗೆಳೆಯನಿಗೆ ಗುಂಡು ತಾಗಿ ತನಗೆ ತಾಗದೆ ಹೋದ ಕ್ಷಣವನ್ನು ಸೈನಿಕ ಬದುಕಿಡೀ ಎಣಿಸುತ್ತಾನೆ.

ಇನ್ನೊಂದು ಗಾಯವೂ ಇದೆ. ವಿಯೆಟ್ನಾಂ ಯೋಧರಿಗೆ ಚಿಕಿತ್ಸೆ ನೀಡಿದ ಅಮೆರಿಕದ ವೈದ್ಯ ಜೊನಾಥನ್ ಶೇ, ಅವರ ಮಾತುಗಳನ್ನು ಗ್ರೀಕರ ಹಳೆಯ ಕಾವ್ಯಗಳ ಜೊತೆ ಇಟ್ಟು ಓದಿದರು. ಸರಿಯಾದದ್ದನ್ನು ನಂಬಿದ ಹಿರಿಯರೇ ಯುದ್ಧದಲ್ಲಿ ಮುರಿದಾಗ ಆಗುವ ನೋವನ್ನು ಅವರು ‘ನೈತಿಕ ಗಾಯ’ ಎಂದು ಕರೆದರು; ಸರಿಯೆಂದು ನಂಬಿದ್ದನ್ನು ತಾನೇ ಮುರಿಯಬೇಕಾಗಿ ಬಂದಾಗಿನ ನೋವಿಗೂ ಈಗ ಅದೇ ಹೆಸರು. ಅದು ಭಯದಿಂದ ಹುಟ್ಟುವುದಲ್ಲ, ಮನಸ್ಸಾಕ್ಷಿಯಿಂದ ಹುಟ್ಟುವುದು. ಮನಸ್ಸಾಕ್ಷಿ ಇದ್ದವನಿಗೇ ಅದು ಆಗುತ್ತದೆ. ‘ಎಷ್ಟು ಮಂದಿನ್ನ ಹೊಡದಿ?’ ಎಂದು ಊರ ಕಟ್ಟೆಯ ಮೇಲೆ ನಗುತ್ತ ಕೇಳುವ ಹುಡುಗನಿಗೆ ತಾನು ಎಲ್ಲಿ ಕೈ ಇಡುತ್ತಿದ್ದೇನೆ ಎಂಬುದು ತಿಳಿಯದು.

ಮೌನ ಬಲ್ಲ ನೆಲ

ಯುದ್ಧದ ನಂತರದ ಮೌನ ಬೀದರ ಸೀಮೆಗೆ ಹೊಸದಲ್ಲ. 1948ರ ಮೇ ತಿಂಗಳಲ್ಲಿ ಬಸವಕಲ್ಯಾಣದ ಕಡೆಯ ಗೋರಟಾ ಗ್ರಾಮದಲ್ಲಿ ನಿಜಾಮನ ಪರ ನಿಂತ ರಜಾಕಾರರು ನಡೆಸಿದ ಹತ್ಯಾಕಾಂಡ ಇಲ್ಲಿ ಎಲ್ಲರಿಗೂ ಗೊತ್ತು. ಅದೇ ಸೆಪ್ಟೆಂಬರ್‌ನಲ್ಲಿ ಭಾರತದ ಸೈನ್ಯ ಬಂದು ನಿಜಾಮನ ಆಳ್ವಿಕೆ ಕೊನೆಯಾಯಿತು. ಅದರ ಬೆನ್ನಿಗೇ ಎದ್ದ ಹಿಂಸೆಯಲ್ಲಿ ಅಮಾಯಕ ಮುಸಲ್ಮಾನರು ಸತ್ತರು. ಅದನ್ನು ವಿಚಾರಿಸಲು ಬಂದ ಪಂಡಿತ ಸುಂದರಲಾಲ್ ನೇತೃತ್ವದ ತಂಡ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಬೀದರವನ್ನೂ ಸೇರಿಸಿತು. ಆ ವರದಿ ದಶಕಗಳ ಕಾಲ ಹೊರಬರಲಿಲ್ಲ.

ಆ ಕಾಲವನ್ನು ಕಂಡ ಅಜ್ಜ ಅಜ್ಜಿಯರು ಎಲ್ಲ ಧರ್ಮದ ಮನೆಗಳಲ್ಲೂ ಇದ್ದರು. ‘ಆಗಿನ ಮಾತು ಯಾಕ ಬಿಡೋ’ ಎಂದು ಎದ್ದು ಹೋಗುತ್ತಿದ್ದರು. ಕತ್ತಲಾದ ಮೇಲೆ ಬಾಗಿಲ ಅಗಳಿಯನ್ನು ಎರಡು ಸಲ ನೋಡುತ್ತಿದ್ದರು. ಅವರ ಮೌನಕ್ಕೆ ಅಂಜುತ್ತಲೇ ಮಕ್ಕಳು ಬೆಳೆದರು, ಅಂಜಿಕೆಯ ಕಾರಣ ಮಾತ್ರ ಗೊತ್ತಾಗಲಿಲ್ಲ. ಹೇಳದ ನೋವು ಹೇಳದವನಲ್ಲೇ ಮುಗಿಯುವುದಿಲ್ಲ, ಮುಂದಿನ ತಲೆಮಾರಿನ ನಿದ್ದೆಗೂ ಇಳಿಯುತ್ತದೆ. ಇದನ್ನು ಅನುಭವದಿಂದ ಬಲ್ಲ ನೆಲ, ಇಂದಿನ ಸೈನಿಕನ ಮೌನವನ್ನೂ ಬೇಗ ಅರ್ಥ ಮಾಡಿಕೊಳ್ಳಬೇಕು.

ಮನೆಯೆಂಬ ಹೊಸ ಠಾಣೆ

ಮಾನಸಿಕ ಕಾಯಿಲೆಯಿಲ್ಲದ ಮಾಜಿ ಸೈನಿಕನಿಗೂ ಮನೆ ಹೊಸ ಜಾಗವೇ. ಸೈನಿಕನಿಗೆ ವರ್ಷದಲ್ಲಿ ಸಿಗುವ ರಜೆ ಎಲ್ಲ ಸೇರಿದರೂ ಎರಡು-ಮೂರು ತಿಂಗಳು. ಹದಿನೇಳು ವರ್ಷದ ನೌಕರಿಯಲ್ಲಿ ಹನ್ನೆರಡು ವರ್ಷಕ್ಕೂ ಹೆಚ್ಚು ಕಾಲ ಹೆಂಡತಿ ಒಬ್ಬಳೇ ಮನೆ ನಡೆಸಿರುತ್ತಾಳೆ. ಬಿತ್ತನೆ ಬೀಜ ತಂದವಳು ಅವಳು, ಸೊಸೈಟಿ ಸಾಲ ಕಟ್ಟಿದವಳು ಅವಳು, ಅತ್ತೆಯನ್ನು ಆಸ್ಪತ್ರೆಗೆ ಒಯ್ದವಳೂ ಅವಳೇ. ಅವನು ರಜೆಗೆ ಬಂದಾಗ ಮನೆಯ ತಾಪತ್ರಯ ಅವನ ಕಿವಿಗೆ ಬೀಳದಂತೆ ನೋಡಿಕೊಂಡಿದ್ದಾಳೆ. ಅವನೂ ಫೋನಿನಲ್ಲಿ ‘ಆರಾಮ ಇದ್ದೀನಿ’ ಎಂದಷ್ಟೇ ಹೇಳಿದ್ದಾನೆ. ಇಬ್ಬರೂ ಒಬ್ಬರನ್ನೊಬ್ಬರು ಕಾಪಾಡಲು ಮುಚ್ಚಿಟ್ಟದ್ದು, ಒಂದೇ ಸೂರಿನ ಕೆಳಗೆ ಬಂದಾಗ ಗೋಡೆಯಾಗಿ ನಿಂತಿರುತ್ತದೆ.

ಮಕ್ಕಳಿಗೆ ಅಪ್ಪನೆಂದರೆ ಕ್ಯಾಂಟೀನಿನ ಚಾಕಲೇಟು, ಹೊಸ ಬ್ಯಾಗು, ಮೂರು ವಾರದ ಸಂಭ್ರಮ. ಸುಟ್ಟಿ ಮುಗಿದರೂ ಹೋಗದೆ ಉಳಿದ ಅಪ್ಪ ಅವರಿಗೆ ಅಪರಿಚಿತ. ಅವನಿಗೋ ಆಜ್ಞೆಯ ಭಾಷೆ ಒಂದೇ ಬರುತ್ತದೆ. ಪಲ್ಟನ್‌ನಲ್ಲಿ ಹೇಳಿದ ಕೆಲಸ ಹೇಳಿದ ಗಳಿಗೆಗೆ ಆಗುತ್ತಿತ್ತು. ಇಲ್ಲಿ ಕಚೇರಿಯಲ್ಲಿ ಒಂದು ಸಹಿಗೆ ಎಂಟು ದಿನ, ಪಹಣಿಯ ಒಂದು ತಿದ್ದುಪಡಿಗೆ ಎಂಟು ತಿಂಗಳು. ಮೂವತ್ತೈದು-ನಲವತ್ತರ ವಯಸ್ಸಿಗೆ ‘ಮಾಜಿ’ ಆದವನು ಮತ್ತೆ ಕೆಲಸ ಹುಡುಕಬೇಕು. ಹವಾಲ್ದಾರನಾಗಿ ಹತ್ತಾರು ಜನರನ್ನು ಮುನ್ನಡೆಸಿದವನು ಹೈದರಾಬಾದಿನ ಅಪಾರ್ಟ್‌ಮೆಂಟಿನ ಗೇಟಿನಲ್ಲೋ ಬೆಂಗಳೂರಿನ ಬ್ಯಾಂಕಿನ ಬಾಗಿಲಲ್ಲೋ ಸ್ಟೂಲಿನ ಮೇಲೆ ಕೂರುತ್ತಾನೆ. ಆ ಕೆಲಸ ಕೀಳಲ್ಲ. ಆದರೆ ನಿನ್ನೆಯವರೆಗೆ ಅವನ ಒಂದು ಮಾತಿನ ಮೇಲೆ ಜೀವಗಳು ನಿಂತಿದ್ದವು. ಇಂದು ಅವನ ಹೆಸರು ಕೂಡ ಯಾರಿಗೂ ಬೇಕಿಲ್ಲ. ಈ ಇಳಿತ ಒಳಗೇ ಕೊರೆಯುತ್ತದೆ.

ಸೈನ್ಯ ಕೊಟ್ಟ ಇನ್ನೊಂದು ದೊಡ್ಡ ವಸ್ತುವನ್ನೂ ಅವನು ಕಳೆದುಕೊಂಡಿರುತ್ತಾನೆ. ಅದು ಜೊತೆಗಾರರು. ತಟ್ಟೆ, ಕಂಬಳಿ, ಭಯ ಎಲ್ಲವನ್ನೂ ಹಂಚಿಕೊಂಡ ಪಂಜಾಬಿನವನು, ತಮಿಳಿನವನು, ನಾಗಾ ಗುಡ್ಡದವನು ಈಗ ಒಬ್ಬೊಬ್ಬರು ಒಂದೊಂದು ಮೂಲೆಯಲ್ಲಿ. ಊರಿನವರು ಒಳ್ಳೆಯವರೇ, ಆದರೆ ಅವರಿಗೆ ಅದೆಲ್ಲ ಗೊತ್ತಿಲ್ಲ. ಆ ಒಂಟಿತನಕ್ಕೆ ಸುಲಭವಾಗಿ ಸಿಗುವ ಮದ್ದು ಬಾಟಲಿ. ಮೊದಲು ನಿದ್ದೆ ಬರಲೆಂದು ಶುರುವಾಗುತ್ತದೆ. ಕುಡಿತ ಬೇಗ ಮಂಪರು ತರಿಸುತ್ತದೆ, ನಡುರಾತ್ರಿ ನಿದ್ದೆ ಒಡೆಯುತ್ತದೆ, ಕನಸುಗಳನ್ನು ಇನ್ನಷ್ಟು ಕೆಡಿಸುತ್ತದೆ. ಮರುದಿನ ಮತ್ತೊಂದು ಲೋಟ ಬೇಕಾಗುತ್ತದೆ.

ದಾರಿಗಳಿವೆ

ಈ ಕಾಯಿಲೆಗೆ ಚಿಕಿತ್ಸೆ ಇದೆ ಎಂಬುದನ್ನು ಊರಿನ ಪ್ರತಿ ಮನೆ ತಿಳಿದಿರಬೇಕು. ನುರಿತವರ ಜೊತೆ ಆ ನೆನಪನ್ನು ಸ್ವಲ್ಪ ಸ್ವಲ್ಪವೇ, ಸುರಕ್ಷಿತವಾಗಿ ಬಿಚ್ಚಿ ನೋಡುವ ಮಾತಿನ ಚಿಕಿತ್ಸೆ ಅದರಲ್ಲಿ ಮುಖ್ಯ. ತಪ್ಪಿಸಿಕೊಂಡಷ್ಟೂ ನೆನಪು ಬಲಿಯುತ್ತದೆ. ಆಸರೆಯಲ್ಲಿ ನಿಂತು ಎದುರಿಸಿದರೆ ಮೆದುಳು ಅದಕ್ಕೆ ‘ಇದು ಮುಗಿದದ್ದು’ ಎಂಬ ಮುದ್ರೆ ಒತ್ತಲು ಕಲಿಯುತ್ತದೆ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು ಇಲ್ಲೂ ನೆರವಾಗುತ್ತವೆ. ಅವನ್ನು ವೈದ್ಯರು ಹೇಳಿದಷ್ಟು ಕಾಲ ತೆಗೆದುಕೊಳ್ಳಬೇಕು, ನಾಲ್ಕು ದಿನ ಆರಾಮೆನಿಸಿತೆಂದು ಬಿಡಬಾರದು. ದೇವರಿಗೆ ಹೋಗುವವರು ಹೋಗಲಿ, ದರ್ಗಾಕ್ಕೆ ಹೋಗುವವರು ಹೋಗಲಿ. ಡಾಕ್ಟರ ಬಳಿಗೂ ಹೋಗಲಿ.

ಹೋಗುವುದೆಲ್ಲಿಗೆ? ಹಳ್ಳಿಗೆ ಮಾನಸಿಕ ಆರೋಗ್ಯ ಸೇವೆ ತಲುಪಿಸಬಹುದೆಂದು ದೇಶಕ್ಕೆ ತೋರಿಸಿದ್ದೇ ಕಲ್ಯಾಣ ಕರ್ನಾಟಕದ ಬಳ್ಳಾರಿ. 1985ರಿಂದ ನಿಮ್ಹಾನ್ಸ್ ಅಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ರಾಷ್ಟ್ರಮಟ್ಟದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ‘ಮನೋಚೈತನ್ಯ’ ಕಾರ್ಯಕ್ರಮ ರಾಜ್ಯದಲ್ಲಿದೆ. ಬೀದರದಲ್ಲಿ ಸರ್ಕಾರಿ ವೈದ್ಯಕೀಯ ಸಂಸ್ಥೆ ಬ್ರಿಮ್ಸ್ ಇದೆ. ನಿವೃತ್ತ ಸೈನಿಕರಿಗೂ ಅವರ ಕುಟುಂಬಕ್ಕೂ 2003ರ ಏಪ್ರಿಲ್‌ನಿಂದ ಇಸಿಎಚ್‌ಎಸ್ ಆರೋಗ್ಯ ಯೋಜನೆ ಇದೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ, ಕನ್ನಡದಲ್ಲೇ, ಹೆಸರು ಮುಚ್ಚಿಟ್ಟು ಮಾತಾಡಬಹುದು. ಸಶಸ್ತ್ರ ಪಡೆಗಳವರಿಗಾಗಿಯೇ 2023ರ ಡಿಸೆಂಬರ್‌ನಲ್ಲಿ ಪುಣೆಯಲ್ಲಿ ಅದರ ವಿಶೇಷ ಘಟಕ ತೆರೆಯಿತು. ಈ ಸಂಖ್ಯೆ ಪಂಚಾಯಿತಿಯ ಗೋಡೆಯ ಮೇಲೆ, ಮಾಜಿ ಸೈನಿಕರ ಸಂಘದ ಬಾಗಿಲ ಮೇಲೆ, ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಬರೆದಿರಲಿ.

ಮನೆಯವರ ಕೈಯಲ್ಲಿರುವುದೂ ಕಡಿಮೆಯಲ್ಲ. ಮಲಗಿದವನನ್ನು ಮುಟ್ಟಿ ಎಬ್ಬಿಸಬೇಡಿ. ಕಾಲ ಬಳಿ ನಿಂತು ಹೆಸರು ಹಿಡಿದು ಕರೆಯಿರಿ. ದೀಪಾವಳಿ, ಮದುವೆ, ಜಾತ್ರೆಯಲ್ಲಿ ಮದ್ದು ಸಿಡಿಯುವುದನ್ನು ಮುಂಚೆಯೇ ಹೇಳಿ. ಹುಮನಾಬಾದಿನ ವೀರಭದ್ರೇಶ್ವರನ ತೇರಿಗೆ ಬರಲ್ಲ ಎಂದರೆ ಬಲವಂತ ಬೇಡ, ಗದ್ದಲ ಇಳಿದ ಮೇಲೆ ಒಟ್ಟಿಗೆ ಹೋಗಿ ಕಾಯಿ 
ಒಡೆಸಿ ಬನ್ನಿ. ಅಲ್ಲಿ ಏನಾಯಿತೆಂದು ಕೆದಕಬೇಡಿ, ಅವನೇ ಬಾಯಿ ಬಿಟ್ಟ ದಿನ ಕೈಕೆಲಸ ಬದಿಗಿಟ್ಟು ಕೂತು ಕೇಳಿ. ಬುದ್ಧಿ ಹೇಳುವ ಅಗತ್ಯವಿಲ್ಲ. ಮನೆಯ ಜವಾಬ್ದಾರಿಯನ್ನು ಒಮ್ಮೆಗೇ ಹೇರಬೇಡಿ, ಪೂರಾ ಕಿತ್ತುಕೊಳ್ಳಲೂಬೇಡಿ. ಒಂದು ಹೊಲ, ಒಂದು ಲೆಕ್ಕ, ಒಂದು ಕೆಲಸ ಅವನದಾಗಲಿ. ಸಿಟ್ಟು ಹೊಡೆತಕ್ಕೆ ತಿರುಗಿದರೆ ಹೆಂಡತಿ ಮಕ್ಕಳು ಸಹಿಸಿಕೊಂಡು ಇರಬೇಕಿಲ್ಲ. ಅವರ ಸುರಕ್ಷೆ ಮೊದಲು, ಅದೂ ಚಿಕಿತ್ಸೆಯ ಭಾಗ. ‘ನಾ ಇದ್ದು ಏನು ಮಾಡ್ಲಿ’ ಎಂಬ ಮಾತು ಬಂದರೆ ಅದನ್ನು ಕುಡಿದವನ ಮಾತೆಂದು ತಳ್ಳಿಹಾಕಬಾರದು. ಮನೆಯಲ್ಲಿ ಬಂದೂಕು, ಕೀಟನಾಶಕ ಇದ್ದರೆ ಬೇರೆಡೆ ಇಡಿ, ಅವನನ್ನು ಒಬ್ಬನನ್ನೇ ಬಿಡಬೇಡಿ, ಆ ದಿನವೇ ನೆರವು ಪಡೆಯಿರಿ.

ಊರಿನ ಪಾಲೂ ಇದೆ. ಆಗಸ್ಟ್ 15ಕ್ಕೊಮ್ಮೆ, ಡಿಸೆಂಬರ್ 7ರ ಧ್ವಜ ದಿನಕ್ಕೊಮ್ಮೆ ಶಾಲು ಹೊದಿಸಿದರೆ ಮುಗಿಯಲಿಲ್ಲ. ಸುತ್ತಲಿನ ಹತ್ತು ಹಳ್ಳಿಗಳ ಮಾಜಿ ಸೈನಿಕರು ತಿಂಗಳಿಗೊಮ್ಮೆ ಒಂದೆಡೆ ಚಹಾ ಕುಡಿಯುವಂತಾದರೆ ಅದೇ ಅರ್ಧ ಮದ್ದು. ಯಾರ ಮುಂದೆಯೂ ಆಡದ ಮಾತನ್ನು ಅವರು ತಮ್ಮವರ ಮುಂದೆ ಆಡುತ್ತಾರೆ. ಈ ಕೆಲಸಕ್ಕೆ ಅವಸರವೂ ಇದೆ. 2022ರಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ಸೇರಿದವರಲ್ಲಿ ಹೆಚ್ಚೆಂದರೆ ನೂರಕ್ಕೆ ಇಪ್ಪತ್ತೈದು ಮಂದಿ ಸೈನ್ಯದಲ್ಲಿ ಉಳಿಯುತ್ತಾರೆ. ಮಿಕ್ಕವರು ನಾಲ್ಕು ವರ್ಷಕ್ಕೇ, ಇಪ್ಪತ್ತರ ಹರೆಯದಲ್ಲೇ, ಪಿಂಚಣಿಯಿಲ್ಲದೆ ಊರಿಗೆ ಮರಳುತ್ತಾರೆ. ಅವರಿಗೆ ಹೆಂಡತಿ ಮಕ್ಕಳ ಆಸರೆ ಇನ್ನೂ ಇರುವುದಿಲ್ಲ. ಅವರ ನಿದ್ದೆ ಕಾಯುವುದು ಅವ್ವ ಅಪ್ಪನ ಪಾಲಿಗೆ, ಊರಿನ ಪಾಲಿಗೆ ಬರುತ್ತದೆ.

ಬಾಳ್ಗಚ್ಚು

ಉಳಿದು ಬಂದವನಿಗೆ ನಮ್ಮ ಹಿರಿಯರು ಏನನ್ನೂ ಉಳಿಸಿಲ್ಲವೆಂದಲ್ಲ. ಹಳೆಯ ಶಾಸನಗಳಲ್ಲಿ ‘ಬಾಳ್ಗಚ್ಚು’ ಎಂಬ ಮಾತು ಬರುತ್ತದೆ. ಬಾಳ್ ಎಂದರೆ ಕತ್ತಿ, ಕಚ್ಚು ಎಂದರೆ ತೊಳೆ. ಕಾದಾಡಿದವನಿಗೆ, ಇಲ್ಲವೇ ಕಾದಿ ಮಡಿದವನ ಮನೆಗೆ ಕೊಡುತ್ತಿದ್ದ ಭೂಮಿಗೆ ಆ ಹೆಸರು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕಲ್ಲು ಅಂಥ ಒಂದು ಕತೆ ಹೇಳುತ್ತದೆ. 949ರ ತಕ್ಕೋಲದ ಕಾಳಗದಲ್ಲಿ ಮಳಖೇಡದ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗ ಬೂತುಗ ಚೋಳ ರಾಜಾದಿತ್ಯನ ಮೇಲೆ ಹೋರಾಡಿದ. ಅವನ ಪಡೆಯಲ್ಲಿ ಮಣಲೆರ ಎಂಬ ವೀರನಿದ್ದ. ಅವನು ಸಾಯಲಿಲ್ಲ, ಬದುಕಿ ಬಂದ. ಮೆಚ್ಚಿದ ಬೂತುಗ ಬೇಕಾದ್ದನ್ನು ಕೇಳೆಂದಾಗ ಅವನು ಬೇಡಿದ್ದು ಕಾಳಿ ಎಂಬ ಒಂದು ಬೇಟೆನಾಯಿಯನ್ನು. ಮುಂದೆ ಆ ನಾಯಿ ಹಂದಿಯೊಂದಿಗೆ ಕಾದಾಡಿ ಸತ್ತಾಗ ಅದಕ್ಕೂ ಕಲ್ಲು ನೆಟ್ಟರು. ಮಣಲೆರನಿಗೆ ಆತಕೂರು ಹನ್ನೆರಡು ಮತ್ತು ಬೆಳ್ವೊಲದ ಒಂದು ಹಳ್ಳಿ ಬಾಳ್ಗಚ್ಚಾಗಿ ದೊರೆತವು.

ದೊಡ್ಡ ಯುದ್ಧ ಕಂಡು ಬಂದವನು ಮೊದಲು ಕೇಳಿದ್ದು ಜೊತೆಗೊಂದು ಜೀವ. ಕೊಟ್ಟವರು ಅದನ್ನೂ ಕೊಟ್ಟರು, ಕಾಲೂರಲು ನೆಲವನ್ನೂ ಕೊಟ್ಟರು, ಕೊಟ್ಟದ್ದಕ್ಕೆ ಕತ್ತಿಯ ರಕ್ತ ತೊಳೆಯುವುದೆಂದು ಹೆಸರಿಟ್ಟರು. ಕತ್ತಿಯ ಬಾಳ್ ಮತ್ತು ಬದುಕಿನ ಬಾೞ್ ಹಳಗನ್ನಡದಲ್ಲಿ ಬೇರೆ ಬೇರೆ ಅಕ್ಷರದ ಬೇರೆ ಬೇರೆ ಪದಗಳು. ೞ ಎಂಬ ಅಕ್ಷರ ಬಳಕೆ ತಪ್ಪಿದ ಮೇಲೆ ನಾವು ಎರಡನ್ನೂ ಒಂದೇ ಥರ ಬರೆಯುತ್ತೇವೆ.

ಬೀದರ ಸೀಮೆಯ ಹೊಲಗಳಲ್ಲಿ ಎಳ್ಳಾಮಾಸಿಯ ದಿನ ಜೋಳದ ದಂಟಿನ ಕೊಂಪೆ ಕಟ್ಟಿ, ಒಳಗೆ ಐದು ಕಲ್ಲುಗಳನ್ನು ತೊಳೆದು ಸುಣ್ಣ ಹಚ್ಚಿ ಇಡುತ್ತಾರೆ. ಪಾಂಡವರೆಂದು ಕೈಮುಗಿದು ಅವಕ್ಕೆ ಭಜ್ಜಿ, ಅಂಬಲಿ, ಹೋಳಿಗೆಯ ಎಡೆ ಹಿಡಿಯುತ್ತಾರೆ. ಕುರುಕ್ಷೇತ್ರದಿಂದ ಬದುಕಿ ಬಂದ ಐವರು ಅವರು. ಅವರನ್ನು ಹೊಲಕ್ಕೆ ಕರೆತಂದು ಉಣಿಸಿ ಆಮೇಲೆ ತಾವು ಉಣ್ಣುವ ಜನರಿಗೆ, ಮರಳಿ ಬಂದವನನ್ನು ಬರಮಾಡಿಕೊಳ್ಳುವುದು ಹೇಗೆಂದು ಹೊರಗಿನವರು ಹೇಳಿಕೊಡಬೇಕಿಲ್ಲ. ಈ ವರ್ಷ ಊಟಕ್ಕೆ ಕೂರುವಾಗ ಸಾಲಿನಲ್ಲಿ ಫೌಜಿ ಇದ್ದಾನೆಯೇ ಎಂದು ಒಮ್ಮೆ ನೋಡೋಣ. ಬದುವಿನ ಆಚೆ ಒಬ್ಬನೇ ನಿಂತಿದ್ದರೆ, ತಟ್ಟೆ ಹಿಡಿದು ಅಲ್ಲಿಗೇ ಹೋಗೋಣ.